ನಿಂಗೇನು ಬರ್ತದೆ ಎಂದು ಕೇಳುತ್ತಿದ್ದ ಟಪಾಲಪ್ಪ

ಟಪಾಲಪ್ಪ ಹೋದ ಸುದ್ದಿ ನನಗೆ ಸಿಕ್ಕಿದ್ದು ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ. ಹೇಳಿದವರು ನಮ್ಮ ಹಳೆಯ ಗ್ರಾಮ ಸುಧಾರಣಾ ಸಮಿತಿಯ ಸದಸ್ಯರೊಬ್ಬರು. “ಹೋದ್ರಂತೆ ಕಣ್ರೀ ಮೇಷ್ಟ್ರೇ, ಮೊನ್ನೆ ಶುಕ್ರವಾರ” ಎಂದರು. ಆಮೇಲೆ “ಪಾಪ” ಎಂದರು. ಆಮೇಲೆ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟರು. ಪರೀಕ್ಷೆ ಮುಗಿಸಿ ಹೊರಗೆ ಬರುವ ಹುಡುಗರ ನಿಟ್ಟುಸಿರನ್ನು ನಾನು ವರ್ಷವರ್ಷವೂ ಕೇಳುತ್ತೇನೆ. ಇದು ಅದೇ ಜಾತಿಯದು.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಪೆನ್ಷನ್ ಕಾಗದದಲ್ಲಿ ಬಿಟ್ಟರೆ ಅದನ್ನು ಬೇರೆ ಯಾರೂ ಬಳಸಿದ್ದನ್ನು ನಾನು ಕಾಣೆ. ಊರಿಗೆಲ್ಲ ಅವರು ಟಪಾಲಪ್ಪ. ಸೂಲಿಬೆಲೆಯಿಂದ ಚೀಲ ಹೊತ್ತು ಹೊರಟು, ನಮ್ಮೂರೂ ಸೇರಿದಂತೆ ಏಳೆಂಟು ಹಳ್ಳಿಗಳನ್ನು ಮೂವತ್ತು ವರ್ಷ ಕಾಲ್ನಡಿಗೆಯಲ್ಲಿ ಸುತ್ತಿದವರು. ಎಡ ಭುಜ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಪೆನ್ಷನ್ ಆದ ಮೇಲೂ ಬೆಳಿಗ್ಗೆ ಎದ್ದು ನಮ್ಮೂರಿನ ಬೀದಿಗಳನ್ನೆಲ್ಲ ಒಂದು ಸುತ್ತು ಹಾಕದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕೈಯಲ್ಲಿ ಕಾಗದವಿಲ್ಲದ ಟಪಾಲಿನವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಜಗಲಿಯ ಮೇಲೆ ಕೂತು, ಆ ಮನೆಯ ಸೊಸೆ ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಎಮ್ಮೆ ಯಾಕೆ ಹಾಲು ಕಡಿಮೆ ಮಾಡಿದೆ ಎಂದು ವಿಚಾರಣೆ ಮಾಡಿಯೇ ಮುಂದಿನ ಮನೆಗೆ ಹೋಗುವರು. “ಊರಿನ ಮನೆಮನೆ ಸುದ್ದಿ ಇವರಿಗೆ ಗೊತ್ತು, ನಮ್ಮನೇಲಿ ಉಪ್ಪು ಮುಗಿದಿರೋದು ಮಾತ್ರ ಗೊತ್ತಿಲ್ಲ” ಎಂದು ಅವರ ಹೆಂಡತಿ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಓದು ಬಾರದವರಿಗೆ ಕಾಗದ ಓದಿ ಹೇಳುವುದೂ ಅವರದೇ ಕೆಲಸವಾಗಿತ್ತು. ಆದರೆ ಕಾಗದದಲ್ಲಿ ಇದ್ದಷ್ಟನ್ನೇ ಓದಿ ಸುಮ್ಮನಾಗುವ ಸ್ವಭಾವ ಅವರದಲ್ಲ. ಒಮ್ಮೆ ನಮ್ಮ ಪಕ್ಕದ ಮನೆಯವರಿಗೆ ಅಳಿಯನಿಂದ ಕಾಗದ ಬಂತು. ಟಪಾಲಪ್ಪ ಓದಿದರು: “‘ಇಲ್ಲಿ ನಾವೆಲ್ಲ ಕ್ಷೇಮ.’ ಅಂದ್ರೆ ಏನೋ ಆಗಿದೆ ಅಂತ ಅರ್ಥ. ಕ್ಷೇಮವಾಗಿರೋನು ಕಾಗದ ಬರೆಯೋಕೆ ಯಾಕೆ ಹೋಗ್ತಾನೆ? ಇವತ್ತೇ ಹೊರಡು, ಮಗಳನ್ನ ನೋಡ್ಕೊಂಡು ಬಾ.” ಅವರು ಹೋಗಿ ನೋಡಿದರೆ ಮಗಳು ಹದಿನೈದು ದಿನದಿಂದ ಜ್ವರದಲ್ಲಿ ಮಲಗಿದ್ದಳು. ಇದರಿಂದ ಟಪಾಲಪ್ಪನವರ ಮೇಲೆ ಊರಿಗೆ ಪ್ರೀತಿಯೇನೂ ಹೆಚ್ಚಲಿಲ್ಲ, ಭಯ ಹೆಚ್ಚಿತು.

ನಾನು ಆಗ ಆ ಊರಿನ ಸ್ಕೂಲಿನಲ್ಲಿ ಅಸಿಸ್ಟೆಂಟ್ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸುಧಾರಣಾ ಸಮಿತಿಗೆ ಕಾರ್ಯದರ್ಶಿಯೂ ಆಗಿದ್ದೆ. ಸಮಿತಿ ಹದಿನೈದು ದಿನಕ್ಕೊಮ್ಮೆ ಚಾವಡಿಯಲ್ಲಿ ಸೇರುತ್ತಿತ್ತು. ಅಧ್ಯಕ್ಷರು ಊರಿನ ದೊಡ್ಡ ಹಿಡುವಳಿದಾರರು. ಎತ್ತರದ ಆಳು, ಅದಕ್ಕೆ ತಕ್ಕ ಕಂಠ. ಸಮಿತಿಯ ಕೆಲಸವೆಂದರೆ ಊರಿನ ಕೊರತೆಗಳನ್ನು ಪಟ್ಟಿ ಮಾಡಿ ಸರ್ಕಾರಕ್ಕೆ ಅರ್ಜಿ ಕಳಿಸುವುದು. ಆಸ್ಪತ್ರೆ ಇಲ್ಲ, ಮೋರಿ ಇಲ್ಲ, ದೀಪದ ಕಂಬ ಇಲ್ಲ, ಪುಸ್ತಕ ಭಂಡಾರ ಇಲ್ಲ. ‘ಹಟ್ಟಿಯಲ್ಲಿ ನೈರ್ಮಲ್ಯ ಇಲ್ಲ’ ಎಂದೂ ಬರೆದಿದ್ದೆವು. ಹಟ್ಟಿ ಎಂದರೆ ಊರ ಹೊರಗೆ ನಾವು ದೂರ ಇಟ್ಟಿದ್ದ ಜನರ ಕೇರಿ. ಸಮಿತಿಯಲ್ಲಿ ಅದರೊಳಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ. ಪ್ರತಿ ಅರ್ಜಿಯ ಕೊನೆಗೂ ‘ಜನರಲ್ಲಿ ತಿಳಿವಳಿಕೆ ಇಲ್ಲ’ ಎಂಬ ಸಾಲನ್ನು ಅಧ್ಯಕ್ಷರು ಕೇಳಿ ಸೇರಿಸುತ್ತಿದ್ದರು. ಆ ಸಾಲು ಬರೆಯುವಾಗ ನನಗೂ ಒಳಗೊಳಗೇ ಒಂದು ಸುಖವಾಗುತ್ತಿತ್ತು. ಬರೆಯುವವನು ಆ ಜನರಲ್ಲಿ ಸೇರುವುದಿಲ್ಲವಲ್ಲ.

ಟಪಾಲಪ್ಪ ಸದಸ್ಯರಲ್ಲ. ಆದರೂ ಪ್ರತಿ ಸಭೆಗೂ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುವರು. ಒಂದು ದಿನ ನಾನು ಪಟ್ಟಿ ಓದಿ ಮುಗಿಸಿದ ಮೇಲೆ ಕೈ ಎತ್ತಿದರು.

“ಒಂದು ಅನುಮಾನ ಸ್ವಾಮಿ.”

“ಏನು?” ಎಂದರು ಅಧ್ಯಕ್ಷರು.

“ಇಷ್ಟೊಂದು ಇಲ್ಲಗಳ ಮಧ್ಯೆ ಈ ಜನ ಇನ್ನೂ ಹೆಂಗೆ ಉಸಿರಾಡ್ತಾವ್ರೆ ಅಂತ ಒಂದು ಸಾಲು ಸೇರಿಸ್ಬಿಡಿ. ಸರ್ಕಾರಕ್ಕೂ ಆಶ್ಚರ್ಯ ಆಗ್ಲಿ.”

“ಸದಸ್ಯರಲ್ಲದವರು ಮಾತಾಡೋ ಹಾಗಿಲ್ಲ” ಎಂದರು ಅಧ್ಯಕ್ಷರು. ನಾನು ನಡಾವಳಿ ಪುಸ್ತಕದಲ್ಲಿ ‘ಹೊರಗಿನವರೊಬ್ಬರು ಸಭೆಗೆ ಅಡ್ಡಿಪಡಿಸಿದರು’ ಎಂದು ದುಂಡಗೆ ಬರೆದೆ.

ಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ, ರೈತರು ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕಾದ ಲೆವಿ. ಅಂಥ ದಿನಗಳಲ್ಲಿ ರಾಗಿ ಮಂಡಿಯ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಸೂರಿನಿಂದ ಸೂರಿಗೆ. ಪ್ಲೇಗು ಎಂಬ ಮಾತನ್ನು ಮೊದಲ ಮೂರು ದಿನ ಯಾರೂ ಬಾಯಿ ಬಿಟ್ಟು ಆಡಲಿಲ್ಲ. ನಾಲ್ಕನೆಯ ದಿನ ಮಂಡಿಯ ಹಮಾಲಿಯೊಬ್ಬ ಸತ್ತ. ಅವನ ಹಿಂದೆಯೇ ಅವನ ಹೆಂಡತಿ.

ಸಮಿತಿ ತುರ್ತಾಗಿ ಸೇರಿತು. ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡು ಇರಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಗುಡಿಸಲಿಗೆ ಬಿದಿರು, ತಗಡು, ಚಾಪೆ, ಲಾಂದ್ರ, ಒಬ್ಬ ಡಾಕ್ಟರು, ಇಷ್ಟನ್ನೂ ಕೋರಿ ಅರ್ಜಿ ಬರೆಯಬೇಕೆಂದು ತೀರ್ಮಾನವಾಯಿತು. ಮೂರು ಪುಟ ಬರೆದೆ. ಅಷ್ಟು ಚೆನ್ನಾಗಿ ನಾನು ಹಿಂದೆಯೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಅರ್ಜಿ ಹೋಯಿತು. ನಾವು ಕಾದೆವು. ಒಂದು ವಾರ ಕಳೆಯಿತು, ಇಲಿಗಳು ನಮ್ಮ ಬೀದಿಗೂ ಬಂದವು. ಅನುಕೂಲವಿದ್ದವರು ಹೊಲದ ಮನೆಗಳಿಗೆ ಹೋದರು. ಮಿಕ್ಕವರು ಬಾಗಿಲು ಹಾಕಿಕೊಂಡು ದೇವರಿಗೆ ಹರಕೆ ಹೊತ್ತರು.

ಎಂಟನೆಯ ದಿನ ಬೆಳಿಗ್ಗೆ ಟಪಾಲಪ್ಪ ನಮ್ಮ ಮನೆ ಬಾಗಿಲಿಗೆ ಬಂದರು.

“ಮೇಷ್ಟ್ರೇ, ಪುಸ್ತಕ ತಗೊಂಡು ಬನ್ನಿ.”

“ಎಲ್ಲಿಗೆ?”

“ಬೀದಿ ಸುತ್ತೋಕೆ. ಇಷ್ಟು ದಿನ ಇಲ್ಲದ್ದನ್ನೆಲ್ಲ ಬರೆದ್ರಿ. ಇವತ್ತು ಇರೋದನ್ನ ಬರೀರಿ. ಶಾಯಿ ಏನೂ ಬೇರೆ ಬೇಕಾಗಲ್ಲ.”

ಯಾಕೆ ಹೋದೆನೆಂದು ಈಗಲೂ ಹೇಳಲಾರೆ. ಅವರ ದನಿಯಲ್ಲಿ ಸ್ಕೂಲ್ ಇನ್‌ಸ್ಪೆಕ್ಟರರ ದನಿಯಂಥದ್ದೇನೋ ಇತ್ತು. ನಾನು ಇನ್‌ಸ್ಪೆಕ್ಟರರಿಗೆ ಹೆದರಿಯೇ ಬದುಕಿದವನು.

ಮೊದಲ ಮನೆಯಲ್ಲೇ ಸಂಕಟ ಎದುರಾಯಿತು. ಲೆವಿಯ ಕಾಲದಲ್ಲಿ ಪುಸ್ತಕ ಹಿಡಿದು ಬಾಗಿಲಿಗೆ ಬಂದವನನ್ನು ಯಾರು ನಂಬುತ್ತಾರೆ? ಆ ಮನೆಯ ಮುದುಕ ನಾವು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

“ನಮ್ ತಾವ ಏನೈತೆ ಸ್ವಾಮಿ? ಒಲೇಲಿ ಬೂದಿ ಬಿಟ್ರೆ ಇನ್ನೇನಿಲ್ಲ.”

“ನಿನ್ನ ರಾಗಿ ಹಗೇವು ದನದ ಕೊಟ್ಟಿಗೆ ಕೆಳಗೈತೆ” ಎಂದರು ಟಪಾಲಪ್ಪ. “ಹತ್ತು ವರ್ಷದಿಂದ ನಂಗೆ ಗೊತ್ತು. ಹೇಳೋ ಹಾಗಿದ್ರೆ ಎಂದೋ ಹೇಳ್ತಿದ್ದೆ. ನಾನು ಅದನ್ನ ಕೇಳೋಕೆ ಬರ್ಲಿಲ್ಲ. ನಿಂಗೇನು ಬರ್ತದೆ ಹೇಳು.”

“ಬರೋದು ಅಂದ್ರೆ?”

“ಕೆಲಸ ಕಣಯ್ಯ. ನಿನ್ನ ಕೈಗೆ ಏನು ಬರ್ತದೆ?”

ಮುದುಕ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಅರವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ “ಹಗ್ಗ ಹೊಸೆಯಾಕೆ ಬತ್ತದೆ” ಎಂದ.

“ಬರ್ಕೊಳ್ಳಿ ಮೇಷ್ಟ್ರೇ.”

ನಾವು ಬೀದಿಯ ಆ ಕೊನೆಗೆ ಹೋಗಿದ್ದೆವು. ಹಿಂದಿನಿಂದ ಯಾರೋ ಓಡಿಬಂದ ಸದ್ದಾಯಿತು. ತಿರುಗಿದರೆ ಅದೇ ಮುದುಕ. ಏದುಸಿರು ಬಿಡುತ್ತಾ “ಮಂಕರಿ ಹೆಣೆಯಾಕೂ ಬತ್ತದೆ ಸ್ವಾಮಿ, ಅದ್ನೂ ಬರ್ಕೊಳಿ” ಎಂದ. ಬರೆದುಕೊಂಡೆ.

ಎರಡು ದಿನದಲ್ಲಿ ನನ್ನ ಪುಸ್ತಕ ತುಂಬಿತು. ಗರಿ ಹೆಣೆಯುವವರು, ಹುಲ್ಲು ಹೊದಿಸುವವರು, ಬಾವಿಯ ಬಾಯಿ ಕಟ್ಟುವವರು, ಎರಡು ನೂರು ಜನಕ್ಕೆ ಒಂದೇ ಒಲೆಯಲ್ಲಿ ಮುದ್ದೆ ತಿರುವುವ ಹೆಂಗಸು. ನಾಲ್ಕು ವರ್ಷ ಆ ಊರಿನಲ್ಲಿ ಪಾಠ ಹೇಳಿದ ನನಗೆ ಇವರಲ್ಲಿ ಅರ್ಧ ಜನರ ಹೆಸರೂ ಗೊತ್ತಿರಲಿಲ್ಲ. ಟಪಾಲಪ್ಪನವರಿಗೆ ಇವೆಲ್ಲ ಮೊದಲೇ ಗೊತ್ತಿತ್ತೆಂಬ ಅನುಮಾನ ನನಗೆ ಬೇಗ ಬಂತು. “ಗೊತ್ತಿದ್ದ ಮೇಲೆ ಯಾಕೆ ಕೇಳ್ತೀರಿ?” ಎಂದೆ. “ನಂಗೆ ಗೊತ್ತಿದ್ರೆ ಏನು ಬಂತು? ಅವ್ರ ಬಾಯಲ್ಲಿ ಬರ್ಬೇಕು” ಎಂದರು.

ಅಧ್ಯಕ್ಷರ ಮನೆಯನ್ನು ನಾನು ಬಿಡೋಣವೆಂದೆ. ಅವರು ಬಿಡಲಿಲ್ಲ.

“ಗೌಡ್ರೇ, ನಿಮಗೇನು ಬರ್ತದೆ?”

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಬಹಳ ಹೊತ್ತು ಯೋಚಿಸಿ ಅವರು “ನಾನು ಅಧ್ಯಕ್ಷ” ಎಂದರು.

“ಅದು ಇರ್ಲಿ. ನಿಮ್ಮ ಗಂಟಲು ಚೆನ್ನಾಗದೆ. ದಿನಾ ಬೆಳಿಗ್ಗೆ ಗುಡಿಸಲಿನ ಸಾಲಿನಲ್ಲಿ ನಿಂತು ಒಂದೊಂದು ಮನೇನೂ ಹೆಸರು ಹಿಡಿದು ಕೂಗ್ಬೇಕು. ಯಾರು ಎದ್ದವ್ರೆ, ಯಾರು ಜ್ವರ ಅಂತ ಮಲಗವ್ರೆ ಅಂತ ಆಗ ಗೊತ್ತಾಗ್ತದೆ. ಮನೇಲಿ ಇನ್ಯಾರಿದ್ದಾರೆ?”

“ನಮ್ಮವ್ವ ಅವಳೆ. ವಯಸ್ಸಾಗದೆ, ಅವಳ ಕೈಲಿ ಏನಾದೀತು?”

ಒಳಗಿನಿಂದ ಒಂದು ದನಿ ಬಂತು. “ಯಾರ್ಲಾ ಅದು, ನನ್ನ ಕೈಲಿ ಏನಾಗಲ್ಲ ಅನ್ನೋನು?” ಊರಿಗೆ ದೊಡ್ಡವ್ವ ಎನಿಸಿಕೊಂಡ ಆ ಮುದುಕಿ ಗೋಡೆ ಹಿಡಿದು ಹೊರಗೆ ಬಂದಳು. ಹಿಂದಿನ ಪ್ಲೇಗಿನಲ್ಲಿ ಅವಳು ಎರಡು ಮಕ್ಕಳನ್ನು ಕಳೆದುಕೊಂಡು ಆರು ತಿಂಗಳು ತೋಪಿನಲ್ಲಿ ಬದುಕಿದವಳು. ಗುಡಿಸಲಿನಿಂದ ಗುಡಿಸಲಿಗೆ ಎಷ್ಟು ಅಂತರ ಬೇಕು, ಕಾಳು ಎಲ್ಲಿಡಬೇಕು, ಕಾಯಿಲೆಯವರನ್ನು ಗಾಳಿಯ ಯಾವ ದಿಕ್ಕಿಗೆ ಮಲಗಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಅಧ್ಯಕ್ಷರು ಬಾಯಿ ಬಿಟ್ಟುಕೊಂಡು ಕೇಳಿದರು. ತಾಯಿಗೆ ಇದೆಲ್ಲ ಗೊತ್ತೆಂದು ಅವರಿಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ತೋಚಿರಲಿಲ್ಲ.

ಕೊನೆಗೆ ಟಪಾಲಪ್ಪ ನನ್ನನ್ನು ಹಟ್ಟಿಗೆ ಕರೆದುಕೊಂಡು ಹೋದರು. ನಾನು ಹೊರಗೇ ನಿಂತೆ. ಅವರು ಒಳಗೆ ಹೋಗಿ ಒಂದು ಜಗಲಿಯ ಮೇಲೆ ಕೂತು ಕೂಗಿದರು. ಬಂದವನು ಚಿಕ್ಕಮುನಿಯ. ಯುದ್ಧಕ್ಕೆ ಹೋಗಿ, ಒಂದು ಕಾಲು ಕುಂಟಾಗಿ ಹಿಂದಿರುಗಿ, ಅಧ್ಯಕ್ಷರ ಹೊಲದಲ್ಲಿ ಗೊಬ್ಬರ ಹೊರುತ್ತಿದ್ದ.

“ಮುನಿಯ, ಮೇಷ್ಟ್ರಿಗೆ ಹೇಳು. ದಂಡಿನಲ್ಲಿ ಏನು ಮಾಡ್ತಿದ್ದೆ?”

ಅವನು ತಲೆ ತಗ್ಗಿಸಿದ. “ಆಸ್ಪತ್ರೇಲಿದ್ದೆ ಸ್ವಾಮಿ. ಗಾಯ ತೊಳೆಯೋದು, ಸೂಜಿ ಕುದಿಸೋದು. ಡಾಕ್ಟ್ರು ಕಡಿಮೆ ಬಿದ್ದಾಗ ಸೂಜಿನೂ ನಾನೇ ಹಾಕ್ತಿದ್ದೆ.”

ಅವನು ದಂಡಿನಿಂದ ಬರೆದ ಕಾಗದಗಳನ್ನು ಅವನ ತಾಯಿಗೆ ಓದಿ ಹೇಳಿದವರು ಟಪಾಲಪ್ಪ. ಊರಿಗೆ ಮರಳಿ ಒಂದು ವರ್ಷವಾದರೂ ಅವನು ಅಲ್ಲಿ ಏನು ಮಾಡುತ್ತಿದ್ದನೆಂದು ಇನ್ಯಾರೂ ಕೇಳಿರಲಿಲ್ಲ. ಗೊಬ್ಬರ ಹೊರಲು ಅದೇನೂ ಬೇಕಿರಲಿಲ್ಲವಲ್ಲ. ‘ಚಿಕ್ಕಮುನಿಯ, ಸೂಜಿ ಹಾಕಬಲ್ಲ’ ಎಂದು ನಾನು ಬರೆದುಕೊಂಡೆ.

ಒಂದು ವಾರದೊಳಗೆ ಕೆರೆಯ ಆಚೆಗಿನ ಮಾವಿನ ತೋಪಿನಲ್ಲಿ ಗುಡಿಸಲುಗಳೆದ್ದವು. ದೊಡ್ಡವ್ವ ಒಂದು ಮಣೆಯ ಮೇಲೆ ಕೂತು ಕೋಲಿನಲ್ಲಿ ತೋರಿಸಿದ ಕಡೆ ಗೂಟ ಬಿತ್ತು. ಹೊದಿಕೆಯ ಕೆಲಸದಲ್ಲಿ ಹಟ್ಟಿಯ ಹೆಂಗಸರನ್ನು ಮೀರಿಸುವವರು ಯಾರೂ ಇರಲಿಲ್ಲ. ಹೊದಿಸುವವರೆಗೆ ಅವರ ಕೈ ನಮ್ಮ ಸೂರಿಗೆ ತಗುಲಬಹುದಿತ್ತು, ಹೊದಿಸಿ ಮುಗಿದ ಮೇಲೆ ನಾವು ಗಂಜಳ ಚಿಮುಕಿಸಿಕೊಂಡು ಒಳಗೆ ಹೋದೆವು. ಇದನ್ನು ಕಂಡು ಟಪಾಲಪ್ಪ “ಚೆನ್ನಾಗಿ ಚಿಮುಕಿಸಿ ಮೇಷ್ಟ್ರೇ, ಪ್ಲೇಗು ನಿಮ್ಮ ಮಡಿ ನೋಡಿ ಹೆದರಿಕೊಂಡು ಓಡಿಹೋಗ್ತದೆ” ಎಂದರು. ಅಧ್ಯಕ್ಷರು ಬೆಳಗಾಗೆದ್ದು ಸಾಲಿನಲ್ಲಿ ನಿಂತು ಹೆಸರು ಕೂಗತೊಡಗಿದರು. ಹೇಳಲೇಬೇಕು, ಸೊಗಸಾಗಿ ಕೂಗಿದರು. ಜ್ವರ ಬಂದವರು ಮೊದಲ ದಿನವೇ ಗೊತ್ತಾಗುತ್ತಿದ್ದರು. ಅಧ್ಯಕ್ಷರ ಸಾರ್ವಜನಿಕ ಜೀವನದಲ್ಲಿ ಅವರಿಂದ ಊರಿಗೆ ಆದ ಉಪಕಾರ ಅದೊಂದೇ.

ಆಮೇಲೆ ಹೆಲ್ತ್ ಇನ್‌ಸ್ಪೆಕ್ಟರರು ಸೈಕಲ್ಲಿನ ಮೇಲೆ ಬಂದರು. ಸೂಜಿಮದ್ದಿನ ಪೆಟ್ಟಿಗೆ ತಂದಿದ್ದರು. ಆದರೆ ಅವರೊಬ್ಬರೇ, ಸುತ್ತ ಇನ್ನೂ ಹದಿನೆಂಟು ಹಳ್ಳಿಗಳು ಅವರನ್ನು ಕಾಯುತ್ತಿದ್ದವು. ಇಡೀ ತೋಪಿಗೆ ಅವರೊಬ್ಬರೇ ಹಾಕುವುದು ಆಗದ ಮಾತು. ಟಪಾಲಪ್ಪ ಚಿಕ್ಕಮುನಿಯನನ್ನು ಮುಂದೆ ತಂದು ನಿಲ್ಲಿಸಿದರು. ಇನ್‌ಸ್ಪೆಕ್ಟರರು ಅವನ ಕೈಯಲ್ಲಿ ಹತ್ತು ಜನಕ್ಕೆ ಹಾಕಿಸಿ ನೋಡಿದರು.

“ನನಗಿಂತ ಚೆನ್ನಾಗಿ ಹಾಕ್ತಾನ್ರೀ” ಎಂದರು. ಆಮೇಲೆ ದನಿ ಇಳಿಸಿ, “ರಿಪೋರ್ಟಲ್ಲಿ ಮಾತ್ರ ನಾನೇ ಹಾಕಿದೆ ಅಂತ ಬರ್ಕೋತೀನಿ” ಎಂದು ಪೆಟ್ಟಿಗೆ ಕೊಟ್ಟು, ವಾರ ಬಿಟ್ಟು ಬರುತ್ತೇನೆಂದು ಸೈಕಲ್ ಹತ್ತಿದರು.

ಮೊದಲ ತೋಳು ಟಪಾಲಪ್ಪನವರದು. ಎರಡನೆಯದು ಅವರ ಹೆಂಡತಿಯದು. ಆಮೇಲೆ ಹಟ್ಟಿಯವರು, ಮಂಡಿಯ ಬೀದಿಯವರು, ಹಗ್ಗದ ಮುದುಕ. ನಮ್ಮ ಮೇಲಿನ ಬೀದಿಯ ಸಾಲು ಮಾತ್ರ ಅಲ್ಲಾಡಲಿಲ್ಲ. ಅವನ ಕೈಯಿಂದ ಮುಟ್ಟಿಸಿಕೊಳ್ಳುವುದುಂಟೆ, ಇನ್‌ಸ್ಪೆಕ್ಟರರು ಬಂದ ಮೇಲೆ ನೋಡೋಣ ಎಂದರು ನಮ್ಮ ಸಮಿತಿಯ ಉಪಾಧ್ಯಕ್ಷರು. ಶಾಸ್ತ್ರ ಓದಿಕೊಂಡವರು, ಮೆಲುದನಿಯವರು. ನಾನು ಅವರ ಮಾತಿಗೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಮಾವಿನ ಮರದ ಹಿಂದೆ ಹೋಗಿ ಹಾಜರಿ ಪುಸ್ತಕ ತಿದ್ದುತ್ತಾ ಕೂತೆ.

ಮಧ್ಯಾಹ್ನದ ಹೊತ್ತಿಗೆ ಟಪಾಲಪ್ಪ ಹುಡುಕಿಕೊಂಡು ಬಂದರು.

“ಮೇಷ್ಟ್ರೇ, ‘ಸೂಜಿ ಹಾಕಬಲ್ಲ’ ಅಂತ ಅವನ ಹೆಸರು ಬರ್ಕೊಂಡಿದ್ದು ಯಾರು?”

“ನಾನೇ.”

“ಹಂಗಾದ್ರೆ ಮೈಲಿಗೆ ಅನ್ನೋದು ಬೆರಳಿಗಿಲ್ಲ, ತೋಳಿಗೆ ಮಾತ್ರ ಅಂತಾಯ್ತು. ಯಾವ ಪುಸ್ತಕದಲ್ಲಿದೆ ಹೇಳಿ, ನಾನೂ ಓದ್ಕೋತೀನಿ.”

ನನಗೆ ಸಿಟ್ಟು ಬಂತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ. ಎದ್ದು, ಹೆಂಡತಿಯನ್ನೂ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿ ತೋಳು ಚಾಚಿದೆ. ಚಿಕ್ಕಮುನಿಯ ನನ್ನ ತೋಳನ್ನು ಮೂರು ಸಲ ಒರೆಸಿದ. ಹಟ್ಟಿಯವರಿಗೆ ಹಾಕುವಾಗ ಒಂದೇ ಸಲ ಒರೆಸಿದ್ದ. “ನೋವಾದ್ರೆ ಬೈಕೋಬೇಡಿ ಸ್ವಾಮಿ” ಎಂದ. ಬೈಯಲು ನನಗೆ ಯಾವ ಮುಖವಿತ್ತು?

ಮಾರನೆಯ ದಿನ ಬೆಳಿಗ್ಗೆ ದೊಡ್ಡವ್ವ ಕೋಲೂರಿಕೊಂಡು ಬಂದಳು. ಮೇಲಿನ ಬೀದಿಯ ಸಾಲೆಲ್ಲ ನೋಡುತ್ತಿದ್ದ ಹಾಗೆ ರವಿಕೆಯ ತೋಳು ಮೇಲೆ ಸರಿಸಿದಳು.

“ಚುಚ್ಚಪ್ಪ. ಹೋದ ಸಲ ನನ್ನ ಮಕ್ಕಳಿಬ್ಬರೂ ಮಡಿಯಾಗೇ ಸತ್ವು. ಆ ಮಡಿ ಏನು ಮಾಡ್ತು ಅಂತ ಯಾರಾದ್ರೂ ಹೇಳ್ರಪ್ಪ.”

ಅಧ್ಯಕ್ಷರು ತಾಯಿಯ ಹಿಂದೆ ನಿಂತರು. ಅವರ ಹಿಂದೆ ಬೀದಿ ನಿಂತಿತು. ಉಪಾಧ್ಯಕ್ಷರ ಮನೆಯೂ ಇನ್ನೆರಡು ಮನೆಯೂ ಮಾತ್ರ ನಿಲ್ಲಲಿಲ್ಲ. ಆರನೆಯ ದಿನ ಅಧ್ಯಕ್ಷರು ಹೆಸರು ಕೂಗಿದಾಗ ಉಪಾಧ್ಯಕ್ಷರಿಂದ ಉತ್ತರ ಬರಲಿಲ್ಲ. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಚಿಕ್ಕಮುನಿಯನೇ ಹೋಗಿ ನೀರು ಕುಡಿಸಿದ, ಬಟ್ಟೆ ಬದಲಿಸಿದ. ಆಗ ಅವರು ಬೇಡವೆನ್ನಲಿಲ್ಲ, ಅವನ ಕೈ ಹಿಡಿದುಕೊಂಡೇ ಇದ್ದರು. ಎರಡು ದಿನಕ್ಕೆ ಹೋದರು. ಹೆಣ ಹೊರಲು ಅವರ ನೆಂಟರು ಹಿಂದೆ ಮುಂದೆ ನೋಡಿದಾಗ ಮೊದಲು ಹೆಗಲು ಕೊಟ್ಟವರು ಟಪಾಲಪ್ಪ. ಒಂದು ಕೊಂಕು ಮಾತೂ ಆಡಲಿಲ್ಲ. ಅವರು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ಮೂರು ತಿಂಗಳ ಮೇಲೆ ಊರಿಗೆ ಹಿಂದಿರುಗಿದೆವು. ಸಭೆ ನಡೆಯಿತು, ಹಾರ ಬಂತು, ಹಾರ ಅಧ್ಯಕ್ಷರ ಕೊರಳಿಗೆ ಬಿತ್ತು. ಅದೇ ವಾರ ನನ್ನ ಮೂರು ಪುಟದ ಅರ್ಜಿಗೆ ಮೇಲಿನ ಕಚೇರಿಯೊಂದರಿಂದ ಉತ್ತರವೂ ಬಂತು. ಗ್ರಾಮಸ್ಥರು ಸ್ವಪ್ರಯತ್ನದಿಂದಲೇ ಎಲ್ಲ ಏರ್ಪಾಡನ್ನೂ ಮಾಡಿಕೊಂಡಿರುವುದು ಶ್ಲಾಘನೀಯವೆಂದೂ, ಆದ್ದರಿಂದ ಯಾವ ನೆರವೂ ಅಗತ್ಯವಿಲ್ಲವೆಂದು ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆಯೆಂದೂ ಬರೆದಿದ್ದರು. ಅಧ್ಯಕ್ಷರು ‘ಶ್ಲಾಘನೀಯ’ ಎಂಬ ಮಾತನ್ನು ಎರಡು ಸಲ ಓದಿಸಿಕೊಂಡು, ಕಾಗದಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕೋಣವೆಂದರು.

ಟಪಾಲಪ್ಪ ಬಾಗಿಲಿನಿಂದ ಒಳಗೆ ನುಗ್ಗಿದರು. “ಇದು ಹೊಗಳಿಕೆ ಅಲ್ಲ ಗೌಡ್ರೇ. ಬಾಗಿಲು ಹಾಕ್ಕೊಂಡ್ರಲ್ಲ, ಅದರ ಸದ್ದು ಇದು.”

“ನೀವೇ ತಾನೇ ಅರ್ಜಿ ಬೇಡ, ನಾವೇ ಮಾಡ್ಕೊಳ್ಳೋಣ ಅಂದಿದ್ದು?”

“ನಾನೆಲ್ಲಿ ಅಂದೆ? ಇಲ್ಲ ಇಲ್ಲ ಅಂತ ಅಳಬೇಡಿ ಅಂದೆ. ಗುಡಿಸಲು ನಾವು ಕಟ್ಕೋಬಹುದು, ಸೂಜಿಮದ್ದು ಹೊಲದಲ್ಲಿ ಬೆಳೀತದಾ? ಅದು ಅವರು ಕೊಡಬೇಕಾದ್ದು. ನಾವು ಕೈಲಾಗೋರು ಅಂತ ಅವರು ಕೈ ತೊಳ್ಕೊಂಡ್ರೆ ಸುಮ್ನಿರೋಕಾಗ್ತದಾ? ಬರೀರಿ ಮೇಷ್ಟ್ರೇ.”

ಅವರು ಹೇಳಿದ ಅರ್ಜಿ ಅರ್ಧ ಪುಟ. ನಾವು ಮಾಡಿದ್ದು ಇಷ್ಟು, ನಮ್ಮಿಂದ ಆಗದ್ದು ಇಷ್ಟು. ತಿಂಗಳಿಗೊಂದು ಔಷಧದ ಪೆಟ್ಟಿಗೆ ಕೊಡಿ, ಚಾವಡಿ ಬಿಟ್ಟುಕೊಡುತ್ತೇವೆ, ಕೆಲಸ ಬಲ್ಲವನು ನಮ್ಮಲ್ಲೇ ಇದ್ದಾನೆ, ಅವನಿಗೆ ಸಂಬಳ ಕೊಡಿ. ಸಹಿ ಹಾಕುವಾಗ ಹಟ್ಟಿಯವರ ಹೆಬ್ಬೆಟ್ಟಿಗೆ ಬೇರೆ ಹಾಳೆ ಇಡೋಣವೆಂದು ಅಧ್ಯಕ್ಷರು ಸೂಚಿಸಿದರು. ಟಪಾಲಪ್ಪ ಸೂಜಿ ಹಾಕಿಸಿಕೊಂಡ ಕ್ರಮದಲ್ಲೇ ಸಹಿ ಹಾಕಿಸಿದರು. ಅಧ್ಯಕ್ಷರ ಸಹಿ ನಾಲ್ಕನೆಯ ಹಾಳೆಗೆ ಹೋಯಿತು.

ಅರ್ಜಿಯನ್ನು ಅವರೇ ಹಿಡಿದುಕೊಂಡು ಹತ್ತು ಹನ್ನೊಂದು ಮೈಲಿ ನಡೆದು ಹೊಸಕೋಟೆಯ ಕಚೇರಿಗೆ ಹೋದರು. ಆಮೇಲೆ ಪ್ರತಿ ಮಂಗಳವಾರವೂ ಹೋಗಿ ಕಚೇರಿ ಮುಚ್ಚುವವರೆಗೆ ಅಲ್ಲಿನ ಬೆಂಚಿನ ಮೇಲೆ ಕೂತು ಬಂದರು. “ಟಪಾಲಿಗೆ ಹಾಕಬಹುದಿತ್ತಲ್ಲ, ನೀವೇ ಟಪಾಲಿನವರು” ಎಂದೆ. “ಅದಕ್ಕೇ ಹಾಕಲಿಲ್ಲ. ಕಾಗದ ತಲುಪೋದು ಬೇರೆ, ಒಡೆದು ಓದೋದು ಬೇರೆ ಅಂತ ಮೂವತ್ತು ವರ್ಷ ನೋಡಿದ್ದೀನಿ” ಎಂದರು.

ಐದು ತಿಂಗಳಿಗೆ ಔಷಧದ ಪೆಟ್ಟಿಗೆ ಬಂತು. ಚಿಕ್ಕಮುನಿಯನಿಗೆ ಸೂಜಿ ಹಾಕುವ ಕೆಲಸವೂ ಸಿಕ್ಕಿತು; ನಮ್ಮೂರಿನಲ್ಲಲ್ಲ, ನೆಲಮಂಗಲದ ಆಚೆ. ಮೇಲಿನ ಬೀದಿಗೆ ಇದರಿಂದ ಒಳಗೊಳಗೇ ಸಮಾಧಾನವಾಯಿತು. ಪ್ಲೇಗಿನ ದಿನಗಳಲ್ಲಿ ಅವನು ಚಿಕ್ಕಮುನಿಯಪ್ಪ ಆಗಿದ್ದ. ಊರಿಗೆ ಹಿಂದಿರುಗಿದ ಆರು ತಿಂಗಳಲ್ಲಿ ಆ ‘ಅಪ್ಪ’ ಉದುರಿಹೋಗಿತ್ತು. “ಇಬ್ಬರಿಗಾದ್ರೂ ಕಲಿಸದೆ ಹೊರಡಬೇಡ” ಎಂದು ಟಪಾಲಪ್ಪ ಅವನನ್ನು ಹದಿನೈದು ದಿನ ತಡೆದರು. ಕಲಿಯಲು ಬಂದವರಲ್ಲಿ ಒಬ್ಬಳು ಹಟ್ಟಿಯವಳು, ಇನ್ನೊಬ್ಬಳು ಅಧ್ಯಕ್ಷರ ಸೊಸೆ. ಅತ್ತೆಯ ಅತ್ತೆ ದೊಡ್ಡವ್ವನೇ ಕಳಿಸಿದಳಂತೆ. ಅಧ್ಯಕ್ಷರು ಒಂದು ವಾರ ಚಾವಡಿಯ ಕಡೆ ತಲೆ ಹಾಕಲಿಲ್ಲ.

ಅದಾದ ಮೇಲೆ ನನಗೆ ನೆಲಮಂಗಲಕ್ಕೆ ವರ್ಗವಾಯಿತು. ಹೋದ ವರ್ಷ ಏನೋ ಕೆಲಸದ ಮೇಲೆ ಆ ಕಡೆ ಹೋದವನು ಟಪಾಲಪ್ಪನವರನ್ನು ನೋಡಿಕೊಂಡು ಬಂದೆ. ಕಣ್ಣು ಮಂಜಾಗಿತ್ತು, ನಡೆಯಲಾರರು. ಜಗಲಿಯ ಮೇಲೆ ಕೂತೇ ಬೀದಿಯಲ್ಲಿ ಹೋಗುವವರನ್ನು ಹೆಜ್ಜೆಯ ಸದ್ದಿನಿಂದ ಗುರುತಿಸಿ ವಿಚಾರಣೆ ಮಾಡುತ್ತಿದ್ದರು.

“ಮೇಷ್ಟ್ರೇ, ನೆಲಮಂಗಲದಲ್ಲಿ ನಿಮ್ಮ ಬೀದಿಯವರು ಹೆಂಗವ್ರೆ?”

“ಚೆನ್ನಾಗಿದ್ದಾರೆ.”

“ಎಲ್ಲ ಮನೆಗೂ ಹೋಗಿ ಬಂದಿದ್ದೀರಾ?”

“ಹ್ಞೂ, ಎಲ್ಲ ಮನೆಗೂ.”

“‘ನಾವೆಲ್ಲ ಕ್ಷೇಮ’ ಅನ್ನೋ ಕಾಗದ ಓದೋವಾಗ ನಂಗೆ ಇದೇ ದನಿ ಕೇಳಿಸ್ತಿತ್ತು” ಎಂದರು. ನಾನು ಒಂದು ಮನೆಗೂ ಹೋಗಿರಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು, ಕುಡಿದು ಎದ್ದು ಬಂದೆ. ಅದೇ ಕೊನೆ.

ಸುದ್ದಿ ಕೇಳಿದ ದಿನ ಸಾಯಂಕಾಲ ನೆಲಮಂಗಲಕ್ಕೆ ಬಂದು ಇಳಿದೆ. ಮನೆಗೆ ಹೋಗದೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಅಷ್ಟು ಬಿಟ್ಟರೆ ಅವರ ವಿಷಯ ನನಗೆ ಏನೂ ಗೊತ್ತಿರಲಿಲ್ಲ.

ನಡುವಯಸ್ಸಿನ ಹೆಂಗಸೊಬ್ಬರು ಬಾಗಿಲು ತೆರೆದರು. “ಏನು ಬೇಕಿತ್ತು ಮೇಷ್ಟ್ರೇ?”

ನಿಮ್ಮ ಹೆಸರೇನು, ನಿಮಗೇನು ಬರುತ್ತದೆ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

“ಸ್ವಲ್ಪ ಸಕ್ಕರೆ ಇದ್ರೆ...” ಎಂದೆ.

ಅವರು ನಕ್ಕುಬಿಟ್ಟರು. “ರೇಷನ್ ಕಾಲದಲ್ಲಿ ಸಕ್ಕರೆ ಕೇಳ್ತೀರಲ್ಲ! ಬೆಲ್ಲ ಇದೆ, ಕೊಡ್ತೀನಿ. ಹೊರಗ್ಯಾಕೆ ನಿಂತ್ರಿ, ಒಳಗೆ ಬನ್ನಿ.”

ಚಪ್ಪಲಿ ಬಿಟ್ಟು ಒಳಗೆ ಹೋದೆ.